ಲಾರಿಯಲ್ಲಿ ಬಂದ ದಿಬ್ಬಣ

ದುರ್ಗಿಗುಡಿಯಲ್ಲಿ ನಮ್ಮ ಪಕ್ಕದ ಮನೆಯವರು ಲಾರಿ ಡ್ರೈವರು. ಯಾರು ಎಷ್ಟೇ ಅವಸರಪಡಿಸಿದರೂ ಹೆಗಲ ಟವೆಲು ಕೊಡವಿಕೊಂಡು "ಟೈಮಿದೆ ಮಾರಾಯ್ರೆ" ಎನ್ನುತ್ತಿದ್ದರು.

ಅಕ್ಕನ ಮದುವೆಯ ಬೆಳಿಗ್ಗೆ, ಭದ್ರಾವತಿಯಿಂದ ಹೊರಟ ಗಂಡಿನ ಕಡೆಯವರ ಬಸ್ಸು ಮಲವಗೊಪ್ಪದಲ್ಲಿ ಕೆಟ್ಟು ನಿಂತಿತು. ಸುದ್ದಿ ಬಂದಾಗ ಮುಹೂರ್ತಕ್ಕೆ ಒಂದೇ ಗಂಟೆ ಉಳಿದಿತ್ತು. ಅಪ್ಪ ಕುಸಿದು ಕೂತರು.

"ಟೈಮಿದೆ ಯಜಮಾನ್ರೇ. ಒಂದು ಜಮಖಾನ ಕೊಡಿ, ಎಲ್ರನ್ನೂ ಕರ್ಕೊಂಡು ಬರ್ತೀನಿ" ಎಂದು ಡ್ರೈವರು ಲಾರಿ ಹತ್ತಿದರು.

ನಾವೆಲ್ಲ ಬೀದಿಗೆ ಓಡಿ ಕಾದು ನಿಂತೆವು. ಮೊದಲು ವಾಲಗ ಕೇಳಿಸಿತು, ಆಮೇಲೆ ಲಾರಿ ಕಾಣಿಸಿತು. ಹಿಂದೆ ಜಮಖಾನದ ಮೇಲೆ ಬೀಗರು, ಮುಂದೆ ಡ್ರೈವರ ಪಕ್ಕ ಪೇಟ ಸುತ್ತಿದ ಭಾವ! "ಬಂದ್ರು, ಬಂದ್ರು!" ಎಂದು ಬೀದಿಯೇ ಕೂಗಿತು. ಅಕ್ಕ ಕಿಟಕಿಯಲ್ಲಿ ನಿಂತು ಜೋರಾಗಿ ನಕ್ಕುಬಿಟ್ಟಳು.

ತಾಳಿ ಕಟ್ಟುವಾಗ ಡ್ರೈವರು ನನ್ನ ಪಕ್ಕದಲ್ಲೇ ನಿಂತಿದ್ದರು. ಅಕ್ಷತೆ ಹಾಕಿ, ಹೆಗಲ ಟವೆಲಿನಿಂದ ಬೆವರು ಒರೆಸಿಕೊಳ್ಳುತ್ತ "ನಿಜಕ್ಕೂ ಟೈಮಿರ್ಲಿಲ್ಲ ಮಾರಾಯ್ರೆ" ಎಂದು ನನ್ನ ಕಿವಿಯಲ್ಲಿ ಹೇಳಿದರು.