ಕೈ ನಿಂತ ಜಾಗ

ಎಪ್ಪತ್ತರ ದಶಕದ ಕೊನೆಯಲ್ಲಿ ನಾನು ಜೊಯಿಡಾದ ಸರ್ಕಾರಿ ದವಾಖಾನೆಗೆ ಹೊಸ ಡಾಕ್ಟರಾಗಿ ಬಂದಿದ್ದೆ. ಅಲ್ಲಿಯ ಚಳಿಗಾಲದ ಬೆಳಗುಗಳು ಈಗಲೂ ಅರೆಗನಸಿನಂತೆ ನೆನಪಾಗುತ್ತವೆ. ಒಂಬತ್ತಾದರೂ ಮಂಜು ಕರಗುತ್ತಿರಲಿಲ್ಲ. ಅದರೊಳಗಿಂದ ಮೊದಲು ಕೆಮ್ಮು ಕೇಳಿಸುತ್ತಿತ್ತು, ಆಮೇಲೆ ಮನುಷ್ಯರು ಕಾಣುತ್ತಿದ್ದರು.

ಹಾಗೆ ಒಂದು ದಿನ ಬಂದವಳು ಕಾಡಂಚಿನ ಹಳ್ಳಿಯ ಸಿದ್ದಿ ಜನಾಂಗದ ಸೂಲಗಿತ್ತಿ. ಊಟ ಸೇರುತ್ತಿಲ್ಲ, ಬೆನ್ನು ನೋಯುತ್ತದೆ ಎಂದಳು. ಕುಪ್ಪಸ ತೋಳಿನಲ್ಲಿ ಜೋಲುತ್ತಿತ್ತು.

ಮಲಗಿಸಿ ಹೊಟ್ಟೆ ಮುಟ್ಟಿ ನೋಡಿದೆ. ಬಲಪಕ್ಕೆಯ ಕೆಳಗೆ ಯಕೃತ್ತು ನಾಲ್ಕು ಬೆರಳು ಇಳಿದಿತ್ತು. ಅಂಚು ಗಟ್ಟಿಯಾಗಿ, ಉಬ್ಬುತಗ್ಗಾಗಿತ್ತು. ಬೆನ್ನೆಲುಬನ್ನು ಮೆಲ್ಲಗೆ ತಟ್ಟುತ್ತ ಇಳಿದಾಗ ಸೊಂಟದ ಹತ್ತಿರ ಒಂದೇ ಕಡೆ ಉಸಿರು ಹಿಡಿದಳು. ಕೊನೆಗೆ ಎಡಗಡೆಯ ಕೊರಳೆಲುಬಿನ ಮೇಲಿನ ಗುಳಿಯಲ್ಲಿ ಬೆರಳಿಟ್ಟೆ. ಹುಣಸೆಬೀಜದಷ್ಟು ಗಂಟು. ನೋವಿಲ್ಲ, ಅಲುಗುವುದೂ ಇಲ್ಲ. ಹೊಟ್ಟೆಯ ಕ್ಯಾನ್ಸರ್ ಹರಡಿದಾಗ ಕೆಲವೊಮ್ಮೆ ಅಲ್ಲಿ ತಲೆಯೆತ್ತುತ್ತದೆಂದು ಓದಿದ್ದೆ. ಮುಟ್ಟಿದ್ದು ಅದೇ ಮೊದಲು.

“ನಿಮ್ಮ ಕೈ ನಿಂತಿತು ನೋಡ್ರಿ, ಡಾಕ್ಟರ್ರ,” ಎಂದಳು.

“ಏನಿಲ್ಲ, ಸುಮ್ನ ನೋಡಾಕತ್ತಿದ್ದೆ.”

“ನಾನೂ ಬಸುರೇರ ಹೊಟ್ಟಿ ಮ್ಯಾಲ ಕೈ ಇಟ್ಟಾಕಿನ. ಕೂಸು ಅಡ್ಡ ಇದ್ರ ನನ್ನ ಕೈನೂ ಹಿಂಗ ನಿಲ್ತೈತಿ. ಖರೇ ಹೇಳ್ರಿ.”

ಹೇಳಿದೆ. ಗಡ್ಡೆ ಇದ್ದಂತಿದೆ, ಒಂದೇ ಕಡೆ ಇಲ್ಲ, ಹುಬ್ಬಳ್ಳಿಗೆ ಹೋಗಿ ಗಂಟಿನ ಚೂರು ತೆಗೆಸಿ ನೋಡಬೇಕು ಎಂದೆ. ಅವಳು ಎದ್ದು ಕೂತು ಸೆರಗು ಸರಿಮಾಡಿಕೊಂಡಳು.

“ಮಗಳಿಗೆ ಏಳು ತಿಂಗಳು ನಡದಾವ. ಅಲ್ಲೀತನಕ ಇರ್ತೇನೇನ್ರಿ?”

“ಗೊತ್ತಿಲ್ಲವ್ವಾ,” ಎಂದೆ. ರೋಗಿಯೊಬ್ಬರ ಎದುರು ಆ ಮಾತನ್ನು ನಾನು ಅದುವರೆಗೆ ಆಡಿರಲಿಲ್ಲ.

ಹುಬ್ಬಳ್ಳಿಯಲ್ಲೂ ಅದೇ ಎಂದರು. ನೋವಿನ ಗುಳಿಗೆಗಳೊಂದಿಗೆ ಮರಳಿ ಬಂದಳು. ಎರಡು ತಿಂಗಳ ನಂತರ ಒಂದು ಮಧ್ಯಾಹ್ನ ಅವಳ ಅಳಿಯ ಓಡಿಬಂದು ಕರೆದ. ಹೋದರೆ, ಮಗಳಿಗೆ ಹೆರಿಗೆ ನೋವು. ಸೂಲಗಿತ್ತಿಗೆ ಎದ್ದು ನಿಲ್ಲಲೂ ಆಗುತ್ತಿರಲಿಲ್ಲ. ಗೋಡೆಗೆ ಒರಗಿಕೊಂಡೇ ನನಗೆ ಹೇಳುತ್ತಿದ್ದಳು: “ಅವಸರ ಮಾಡಬ್ಯಾಡ್ರಿ. ಆಕಿ ಉಸಿರು ಕೇಳ್ರಿ. ಈಗ ಬರ್ತೈತಿ.” ಬಂತು, ಹೆಣ್ಣುಕೂಸು. ಅಜ್ಜಿಯ ಪಕ್ಕದಲ್ಲಿ ಮಲಗಿಸಿದೆವು. ಹೊರಗೆ ಬಂದು ನಾನು ಯಾರಿಗೂ ಕಾಣದಂತೆ ಅತ್ತೆ. ಸಂತೋಷಕ್ಕೋ ದುಃಖಕ್ಕೋ ಇವತ್ತಿಗೂ ಹೇಳಲಾರೆ.

ಎಂಟು ದಿನಕ್ಕೆ ಸೂಲಗಿತ್ತಿ ತೀರಿಕೊಂಡಳು. ಆಮೇಲೊಮ್ಮೆ ಆ ಮನೆಗೆ ಹೋದಾಗ ಅಂಗಳದಲ್ಲಿ ಅಂಟುವಾಳಕಾಯಿ ಒಣಗುತ್ತಿತ್ತು. ಮಗಳು ಕೂಸನ್ನು ನನ್ನ ತೊಡೆಯ ಮೇಲೆ ಮಲಗಿಸಿ, ಚಹಾ ಕಾಯಿಸಲು ಒಳಗೆ ಹೋದಳು.