ಸೀನುವ ದೆವ್ವ ಮತ್ತು ಶರಣಮ್ಮ

ಬೆಳಿಗ್ಗೆ ಆಫೀಸಿಗೆ ಹೊರಟು ಚಪ್ಪಲಿ ಮೆಟ್ಟುತ್ತಿದ್ದೆ. ಎದುರು ಮನೆಯಲ್ಲಿ ಒಣಮೆಣಸಿನಕಾಯಿ ಹುರಿಯುತ್ತಿದ್ದರು. ಘಾಟು ಮೂಗಿಗೆ ಬಡಿದು ಒಂದು ಸೀನು ಬಂತು. ಎರಡನೆಯದಕ್ಕೆ ಬಾಯಿ ತೆರೆದು ಕಾದೆ, ಬರಲಿಲ್ಲ. ಒಂಟಿ ಸೀನು! ನೀವಾಗಿದ್ದರೆ ಬಾಗಿಲೆಳೆದುಕೊಂಡು ಹೋಗುತ್ತಿದ್ದಿರಿ. ನಾನು ಒಳಗೆ ಬಂದು ಕೂತೆ. ಇದಕ್ಕೆ ಕಾರಣ ಒಂದು ಕೊರಿಯನ್ ದೆವ್ವ.

ಮೂರು ವರ್ಷದ ಹಿಂದೆ, ತುಮಕೂರು ಬಿಟ್ಟು ಪುಣೆಗೆ ಬಂದ ಹೊಸತು. ಭಾನುವಾರ ಮಧ್ಯಾಹ್ನ ಮಾತಿಗೆ ಯಾರೂ ಇಲ್ಲದೆ ಟಿವಿಯಲ್ಲಿ ಕೊರಿಯನ್ ಧಾರಾವಾಹಿ ಹಾಕಿಕೊಂಡು ಕೂರುತ್ತಿದ್ದೆ. ನೂಡಲ್ಸ್ ಅಂಗಡಿಯವನೊಬ್ಬ ಸತ್ತು ದೆವ್ವವಾಗಿ ಅಂಗಡಿಯಲ್ಲೇ ಉಳಿದಿದ್ದಾನೆ. ಯಾರ ಕಣ್ಣಿಗೂ ಕಾಣುವುದಿಲ್ಲ. ತಾನು ಸೀನಿದರೆ ಮಾತ್ರ ಒಂದು ಗಳಿಗೆ ಕಂಡುಬಿಡುತ್ತಾನೆ. ಅಂಥ ಅಂಗಡಿಯಲ್ಲಿ ಖಾರದಪುಡಿಗೇನು ಕಡಿಮೆ? ಗಿರಾಕಿಗಳು ಬಟ್ಟಲು ಬಿಟ್ಟು ಓಡುವುದೇನು, ಹೆಂಡತಿ ಸೌಟು ಹಿಡಿದು ಗಾಳಿಯನ್ನು ಬೈಯುವುದೇನು! ಮೂವತ್ತು ದಾಟಿದ ಇಂಜಿನಿಯರು ನಾನು, ದಿಂಬು ತಬ್ಬಿಕೊಂಡು ನಗುತ್ತಿದ್ದೆ.

ಹಾಗೆ ನಗುವಾಗ ಒಮ್ಮೆ ಶರಣಮ್ಮ ಬಾಗಿಲಿಗೆ ಬಂದರು. ಯಾದಗಿರಿ ಕಡೆಯವರು, ನಮ್ಮ ಹಿಂದಿನ ಓಣಿಯಲ್ಲಿ ಮನೆ. ಕಟ್ಟಡದ ಕೆಲಸಕ್ಕೆ ಹೋಗುತ್ತಿದ್ದ ಗಂಡ ತೀರಿಕೊಂಡ ಮೇಲೆ ಜೋಳದ ರೊಟ್ಟಿ ಬಡಿದು ಮನೆಮನೆಗೆ ಕೊಡುತ್ತಿದ್ದರು.

"ಏನ್ರಿ ಸರ, ಒಬ್ಬರೇ ನಗ್ಲಿಕತ್ತೀರಿ?"

ಹೇಳಿದೆ. "ದೆವ್ವ ಸೀನ್ತದ? ಭಾಳ ಚಂದ ಅದಲ್ರಿ!" ಎಂದು ಬುಟ್ಟಿ ಇಳಿಸಿ ಕೂತರು. ಆಮೇಲೆ ಒಂದು ಭಾನುವಾರವೂ ತಪ್ಪಿಸಲಿಲ್ಲ.

ಪರದೆಯ ಕೆಳಗೆ ಬರುವ ಇಂಗ್ಲಿಷ್ ಸಾಲುಗಳನ್ನು ಅವರಿಗೆ ನಾನು ಕನ್ನಡದಲ್ಲಿ ಹೇಳಬೇಕು. ನನ್ನ ಕನ್ನಡದ ಬಗ್ಗೆ ಅವರಿಗೆ ತಕರಾರು. "'ಬನ್ನಿ' ಅಂದ್ರ ಗಂಡ ಹ್ಯಾಂಗ ಬರ್ತಾನ್ರಿ? 'ಬರ್ರಿ' ಅನ್ರಿ" ಎಂದು ತಿದ್ದುತ್ತಿದ್ದರು. ತಿಂಗಳೊಳಗೆ ಕೊರಿಯದ ದೆವ್ವ ಅಪ್ಪಟ ಯಾದಗಿರಿ ಮಾತಾಡತೊಡಗಿತು. ನಾನು ಜೀವನದಲ್ಲಿ ಮಾಡಿದ ಅನುವಾದ ಅದೊಂದೇ. ಸಣ್ಣ ಜಂಬವೂ ಇದೆ.

ಕೊನೆಯ ಕಂತು ಬಂತು. ದೆವ್ವ ಹೋಗಲೇಬೇಕು. ಹೆಂಡತಿಯ ಮುಂದೆ ಕಡೆಯ ಸಲ ಸೀನಿ, ಕಾಣಿಸಿಕೊಂಡು, ಇನ್ನು ಬರುವುದಿಲ್ಲ, ಕಾಯಬೇಡ ಎಂದಿತು. ಶರಣಮ್ಮ ಸೆರಗನ್ನು ಬಾಯಿಗೆ ಹಿಡಿದು ನನ್ನ ಮಾತಿಗೆ ಕಾಯುತ್ತಿದ್ದರು. ನನಗೆ ಧೈರ್ಯ ಸಾಲಲಿಲ್ಲ. "ಮುಂದಿನ ವರ್ಷ ಬರ್ತೀನಿ ಅಂತಾನೆ" ಎಂದುಬಿಟ್ಟೆ.

ಅವರು ಪರದೆ ನೋಡಿದರು, ಆಮೇಲೆ ನನ್ನನ್ನು. "ಸುಳ್ಳ್ ಹೇಳಬ್ಯಾಡೋ ತಮ್ಮಾ. ಬರೋನ ಮುಖ ಹಂಗ ಇರಲ್ಲ."

ಅಷ್ಟು ದಿನ ಸರ ಆಗಿದ್ದವನು ತಮ್ಮ ಆಗಿದ್ದೆ. ನಾಚಿಕೆಯಾಯಿತು. ಇದ್ದದ್ದನ್ನು ಇದ್ದಂತೆ ಹೇಳಿದೆ. ಅವರು ಕೇಳಿಸಿಕೊಂಡು ತಾವೇ ಮಾತು ತೆಗೆದರು.

"ನಮ್ಮವ್ರು ಕಡೀ ದಿನ ಕೆಲಸಕ್ಕ ಹೊಂಟಾಗ ಒಂಟಿ ಸೀನು ಬಂತು. ಕುಂದರ್ರಿ ಅಂದೆ. ನಕ್ಕೋತ ಕುಂತ್ರು. ನೀರು ಕುಡದ್ರು, ಮಗಳ ಲಗ್ನದ ಮಾತಾಡಿದ್ರು. ಮಧ್ಯಾಹ್ನ ಎದಿ ಹಿಡಕೊಂಡು ಬಿದ್ರಂತ."

"ಹಾಗಾದ್ರೆ ಕೂತು ಏನು ಬಂತು ಅಕ್ಕಾ?" ನನ್ನ ದಡ್ಡ ಪ್ರಶ್ನೆ.

"ಕುಂತದ್ದೇ ಬಂತಲ್ಲೋ. ಇಲ್ಲಂದ್ರ ಅಷ್ಟೂ ಸಿಗತಿದ್ದಿಲ್ಲ ನನಗ." ಕಣ್ಣೊರೆಸಿಕೊಂಡು ನಕ್ಕರು. "ಈ ಟಿವ್ಯಾಗಿನ ಹುಡುಗಿಗೂ ಅಷ್ಟು ಸಿಕ್ತಲ್ಲ, ಚಂದ ಮುಗೀತು. ಇನ್ನೊಂದು ದೆವ್ವಂದು ಇದ್ರ ಹಚ್ಚು."

ಈಗ ಅವರು ಪುಣೆ ಹತ್ತಿರದ ಚಾಕಣದಲ್ಲಿ ಮಗಳ ಮನೆಯಲ್ಲಿದ್ದಾರೆ. ಹೊಸ ದೆವ್ವದ ಧಾರಾವಾಹಿಯನ್ನು ನಾನು ನೋಡಿ, ಕಥೆಯನ್ನು ಫೋನಿನಲ್ಲೇ ಹೇಳುತ್ತೇನೆ. ಇವತ್ತು ಹೇಗೂ ಕೂತಿದ್ದೆನಲ್ಲ, ಫೋನು ಮಾಡಿದೆ.

"ಆಫೀಸಿಲ್ಲೇನೋ ತಮ್ಮಾ?"

"ಒಂಟಿ ಸೀನು ಅಕ್ಕಾ."

"ಹಂಗಾದ್ರ ನೀರು ಕುಡಿ. ಈ ಹೊಸಾ ದೆವ್ವ ಕಡೀಗಿ ಏನಾತು?"

ನಿನ್ನೆಯೇ ಕೊನೆಯ ಕಂತು ನೋಡಿದ್ದೆ. "ಹೋಯ್ತು ಅಕ್ಕಾ. ಇನ್ನು ಬರಲ್ಲ ಅಂತು" ಎಂದೆ, ಒಂದಕ್ಷರ ಬದಲಿಸದೆ.

"ಹೋಗೂಕ್ಕಿಂತ ಮೊದಲ ಒಂದೀಟು ಕುಂತಿತ್ತೇನು?"

"ಹೂಂ ಅಕ್ಕಾ, ಕೂತಿತ್ತು."

ಆಫೀಸಿಗೆ ಒಂದು ಗಂಟೆ ತಡವಾಗಿ ಹೋದೆ.