ಕೇಳಿಸದೆ ಹೋದ ಕಲ್ಲು

ಬೀದರಿನಲ್ಲಿ ಮನೆ ಮಾಡಿಕೊಂಡು ಔರಾದ ಕಡೆಯ ಶಾಲೆಗಳಿಗೆ ದಿನಾ ಹೋಗಿಬರುವ ಮಾಸ್ತರರನ್ನೂ ಟೀಚರುಗಳನ್ನೂ ನನ್ನ ಜೀಪಿನಲ್ಲಿ ಕರೆದೊಯ್ಯುತ್ತಿದ್ದೆ. ತಲೆ ನೆರೆಯುವವರೆಗೆ ಮಾಡಿದ್ದು ಅದೊಂದೇ ಕೆಲಸ, ಬೇರೆ ಬರುವುದೂ ಇಲ್ಲ. ಹಾಗಾಗಿ ಜೀಪಿನ ಹಿಂದಿನ ಕ್ರೌನ್ ಒಡೆದು ನಿಂತ ದಿನ, ಮನೆಯಲ್ಲಿ ಯಾರೋ ಹಾಸಿಗೆ ಹಿಡಿದಷ್ಟು ಕಂಗಾಲಾದೆ. ಕ್ರೌನ್ ಅಂದರೆ ಹಿಂದಿನ ಗಾಲಿಗಳ ನಡುವಿನ ಹಲ್ಲಿನ ಚಕ್ರ. ಎಂಜಿನ್ನಿನ ತಿರುಗಾಟವನ್ನು ಗಾಲಿಗೆ ಮುಟ್ಟಿಸುವುದು ಅದೇ.

ಬಹಳ ವರ್ಷಗಳಿಂದ ನನ್ನ ಗಾಡಿ ನೋಡುವ ಉಸ್ತಾದ್ ಅದನ್ನು ಬಿಚ್ಚಿ, ಮುರಿದ ಹಲ್ಲುಗಳನ್ನು ಅಂಗೈಯಲ್ಲಿಟ್ಟು ತೋರಿಸಿದ.

"ಭಾಯಿ, ಇದು ಒಂದಿನದಾಗ ಮುರದದ್ದಲ್ಲ. ತಿಂಗಳಗಟ್ಲೆ ಒದರಿರ್ತದ. ನಿಮಗ ಆವಾಜ್ ಕೇಳಸ್ಲಿಲ್ಲೇನ್ರಿ?"

ನನಗೆ ಸಿಟ್ಟು ಬಂತು. ಎಂಜಿನ್ ಸೀನಿದರೆ ಯಾವ ಸಿಲಿಂಡರಿಗೆ ನೆಗಡಿಯೆಂದು ಹೇಳುವವನು ನಾನು. "ಒದರಿದ್ರ ಕೇಳಸ್ತಿತ್ತು. ಅದು ಒದರೇ ಇಲ್ಲ" ಅಂದೆ.

ನನ್ನ ಜೀಪಿನ ಕ್ರೌನ್ ಎಲ್ಲೂ ಸಿಗಲಿಲ್ಲ. ಭಾಲ್ಕಿಯ ಗುಜರಿಯಲ್ಲಿ ಸಿಕ್ಕಿದ್ದು ಸರಕಿನ ಗಾಡಿಯದು, ಹಲ್ಲಿನ ಲೆಕ್ಕವೇ ಬೇರೆ. ಅದನ್ನೇ ಕೂರಿಸಿದೆವು. ಈಗ ಗಾಲಿ ಒಂದು ಸುತ್ತು ಬರಬೇಕಾದರೆ ಎಂಜಿನ್ ಮೊದಲಿಗಿಂತ ಹೆಚ್ಚು ಸುತ್ತಬೇಕು. ಸ್ಪೀಡೋಮೀಟರ್ ಗಾಲಿಯನ್ನು ಎಲ್ಲಿ ನೋಡುತ್ತದೆ, ಗೇರ್‌ಬಾಕ್ಸಿನ ತಿರುಗಾಟವನ್ನೇ ಎಣಿಸುತ್ತದೆ. ಮುಳ್ಳು ಎಂದಿನ ಐವತ್ತು ಎನ್ನುತ್ತಿತ್ತು, ಜೀಪು ನಲವತ್ತರ ಆಸುಪಾಸಿನಲ್ಲಿ ತೆವಳುತ್ತಿತ್ತು. ಮುಳ್ಳನ್ನು ನಂಬಿ ಹೋದವನ ಗಾಡಿಯಲ್ಲಿ ಮಾಸ್ತರರಿಗೆಲ್ಲ ಬೆಳಗಿನ ಪ್ರಾರ್ಥನೆ ತಪ್ಪತೊಡಗಿತು.

"ಮೀಟರಿನ ಸಣ್ಣ ಗೇರ್ ಬದಲಿ ಮಾಡಿದ್ರ ಮುಳ್ಳು ದಾರಿಗಿ ಬರ್ತದ" ಅಂದ ಉಸ್ತಾದ್. "ಆದ್ರ ಎಷ್ಟು ಸುಳ್ಳು ಹೇಳ್ಲತ್ತದ ಅಂತ ಗೊತ್ತಾಗ್ಬೇಕು. ಕಿಲೋಮೀಟರ್ ಕಲ್ಲೊಂದರಿಂದ ಹೊರಡ್ರಿ. ಮೀಟರ್ ಆರು ಕಿಲೋಮೀಟರ್ ತೋರ್ಸೂದ್ರಾಗ ರಸ್ತಾದ ಕಲ್ಲು ಎಷ್ಟು ಬರ್ತಾವ, ಎಣಿಸಿ ಹೇಳ್ರಿ."

ಔರಾದ ರಸ್ತೆಯ ಕಲ್ಲುಗಳಿಗೆ ಆಗಷ್ಟೇ ಸುಣ್ಣ ಬಳಿದು, ಅಂಕಿ ಬರೆಯುವುದನ್ನು ಬಿಟ್ಟಿದ್ದರು. ಅವೂ ಹುಲ್ಲಿನಲ್ಲಿ ಅರ್ಧ ಮುಳುಗಿದ್ದವು. ಅದಕ್ಕೇ ಹೆಂಡತಿಯನ್ನು ಎಡಗಡೆ ಕೂರಿಸಿಕೊಂಡೆ. ಕಲ್ಲು ಕಂಡಾಗೊಮ್ಮೆ ಅವಳು "ಬಂತು" ಅನ್ನಬೇಕು, ನಾನು ರಸ್ತೆಯನ್ನೂ ಮೀಟರನ್ನೂ ನೋಡುತ್ತ ಎಣಿಸಬೇಕು. ತೊಗರಿ ಹೊಲಗಳ ನಡುವೆ ಹೋದೆವು. ಮೀಟರು ಆರು ತೋರಿಸುವಷ್ಟರಲ್ಲಿ ನಾನು ಎಣಿಸಿದ್ದು ನಾಲ್ಕು. ಉಸ್ತಾದನಿಗೆ ನಾಲ್ಕು ಎಂದೇ ಹೇಳಿದೆ. ಇಷ್ಟು ದೊಡ್ಡ ಸುಳ್ಳು ಹೇಳುವ ಮುಳ್ಳನ್ನು ತಾನು ನೋಡಿಯೇ ಇಲ್ಲವೆಂದು ಅವನು ಗೊಣಗಿದ, ಆ ಲೆಕ್ಕಕ್ಕೆ ಹೊಂದುವ ಗೇರನ್ನೇ ಹಾಕಿದ.

ಮರುದಿನ ಮುಳ್ಳನ್ನು ಐವತ್ತರ ಮೇಲೆ ಹೋಗಗೊಡದೆ ಓಡಿಸಿದೆ. ಆದರೂ ಶಾಲೆ ಮುಟ್ಟಿದಾಗ ಬಾಗಿಲಿಗೆ ಇನ್ನೂ ಬೀಗ. ಹಿಂದೆ ಕೂತಿದ್ದ ಟೀಚರೊಬ್ಬರು ಇಳಿದು ನನ್ನ ಕಿಟಕಿಯ ಹತ್ತಿರ ಬಂದರು. ಮುಖ ಬೆಳ್ಳಗಾಗಿತ್ತು.

"ಕಾಕಾ, ಇವತ್ತ ಭಾಳ ಜೋರ್ ಹೊಡದ್ರಿ. ಸಾವಕಾಶ ಹೋಗ್ರಿ ಅಂತ ದಾರಿತುಂಬ ಅನ್ಲತ್ತಿದ್ದೆ. ಹಿಂದ ಬಸ್ಸಿನಾಂವ ಹಾರ್ನ್ ಹೊಡದೇ ಹೊಡದ, ನೀವ್ ಬಾಜೂಕ ಸರೀಲೇ ಇಲ್ಲ. ಯಾಕ್ರಿ?"

ನನಗೆ ಬಸ್ಸೂ ಗೊತ್ತಿಲ್ಲ, ಹಾರ್ನೂ ಗೊತ್ತಿಲ್ಲ. ಪೆಚ್ಚಾಗಿ ಮುಳ್ಳಿನ ಕಡೆ ಬೆರಳು ತೋರಿಸಿದೆ.

ಗೇರ್ ತಪ್ಪಿದೆಯೆಂದು ಉಸ್ತಾದನ ಮೇಲೆ ರೇಗಿದೆ. ಅವನು, "ಕಲ್ಲು ಇನ್ನೊಮ್ಮಿ ಎಣಸ್ರಿ" ಎಂದಷ್ಟೇ ಅಂದ. ಹಳೆಯ ಗೇರನ್ನೇ ಮತ್ತೆ ಹಾಕಿಸಿಕೊಂಡು, ಹೆಂಡತಿಯನ್ನು ಕರೆದುಕೊಂಡು ಅದೇ ರಸ್ತೆಗೆ ಹೋದೆ. ಈ ಸಲ ಕಲ್ಲು ಬರುವ ಹೊತ್ತಿಗೆ, ಯಾಕೋ, ತಿರುಗಿ ಅವಳ ಮುಖ ನೋಡಿದೆ. ಅವಳ ತುಟಿ ತೆರೆಯಿತು, ಮುಚ್ಚಿತು. ದನಿ ಬರಲಿಲ್ಲ.

ಜೀಪನ್ನು ಬದಿಗೆ ನಿಲ್ಲಿಸಿ ಎಂಜಿನ್ ಆರಿಸಿದೆ. "ಅವತ್ತ ಎಷ್ಟು ಕಲ್ಲು ಒದರಿದ್ದಿ?"

"ಐದು" ಅಂದಳು, ಗಟ್ಟಿಯಾಗಿ. ಮನೆಯಲ್ಲಿ ಇತ್ತೀಚೆಗೆ ಹಾಗೇ ಮಾತಾಡುತ್ತಿದ್ದಳು. ವಯಸ್ಸಾದ ಹಾಗೆ ಬಾಯಿ ಜೋರಾಗಿದೆ ಎಂದು ನಾನು ಅವಳನ್ನು ಛೇಡಿಸುತ್ತಿದ್ದೆ.

"ನನ್ನ ಕಿವಿ ಹಿಂಗಾಗಿ ಎಷ್ಟು ದಿನ ಆತು?"

"ವರ್ಷ ಆಗ್ಲಿಕ್ಕ ಬಂತ್ರಿ."

"ಮತ್ತ ಹೇಳ್ಬೇಕಿಲ್ಲೇನು?"

ಅವಳು ಹೊಲದ ಕಡೆ ನೋಡಿದಳು. ಆಮೇಲೆ ನನ್ನ ಕಡೆ ತಿರುಗಿ, "ಹೇಳೀನ್ರಿ" ಅಂದಳು.

ನನ್ನ ಎಲೆಯಲ್ಲಿ ಹೆಗ್ಗಣ ಸತ್ತು ಬಿದ್ದಿರುವಾಗ ಮುಳ್ಳಿನ ಎಲೆಯ ನೊಣ ಹುಡುಕುತ್ತಿದ್ದೆ. ಸ್ಟಿಯರಿಂಗಿಗೆ ಹಣೆಯಿಟ್ಟು ಅತ್ತೆ. ಕ್ರೌನ್ ಒದರಿತ್ತು, ತಿಂಗಳುಗಟ್ಟಲೆ ಒದರಿತ್ತು.

ಕಿವಿಯ ನರ ಸೋತಿದೆ ಎಂದರು ಡಾಕ್ಟರು. ಕಿವಿಗೆ ಮಷಿನ್ ಹಾಕಿಕೊಂಡು ಜೀಪಿನಲ್ಲಿ ಕೂತು ನೋಡಿದೆ. ಗದ್ದಲವೇ ದೊಡ್ಡದಾಯಿತು, ಹಾರ್ನ್ ಎಲ್ಲಿಂದ ಬಂತೆಂದು ತಿಳಿಯಲಿಲ್ಲ. ಹಿಂದಿನ ಬಸ್ಸು ಕೇಳಿಸದವನು ಅಷ್ಟು ಜನರ ಜೀವವನ್ನು ಬೆನ್ನಿಗೆ ಕೂರಿಸಿಕೊಂಡು ಹೋಗುವುದಾದರೂ ಹೇಗೆ? ಐದು ಕಲ್ಲಿನ ಲೆಕ್ಕಕ್ಕೆ ಉಸ್ತಾದ್ ಬೇರೆ ಗೇರ್ ಹಾಕಿಕೊಟ್ಟ. ಮುಳ್ಳು ಸರಿಹೋಯಿತು. ಅದೇ ವಾರ ಜೀಪನ್ನು ನಮ್ಮ ಓಣಿಯ ಇನ್ನೊಬ್ಬ ಡ್ರೈವರಿಗೆ ಮಾರಿದೆ. ಮಾಸ್ತರರು ಈಗ ಅವನೊಂದಿಗೆ ಹೋಗುತ್ತಾರೆ, ಪ್ರಾರ್ಥನೆ ತಪ್ಪುವುದಿಲ್ಲವಂತೆ.

ನಾನು ದಿನವಿಡೀ ಮನೆಯಲ್ಲಿರುತ್ತೇನೆ. ಯಾವುದರಲ್ಲೂ ಮನಸ್ಸಿಲ್ಲ, ಯಾರ ಜೊತೆಗೂ ಮಾತು ಬೇಡ. ಜೀಪು ಬೆಳಗ್ಗೆ ನಮ್ಮ ಬಾಗಿಲ ಮುಂದೆಯೇ ಹೋಗುತ್ತದೆ. ರೊಟ್ಟಿ ಬಡಿಯುತ್ತಿರುವ ಹೆಂಡತಿಯ ಕೈ ಒಂದು ಗಳಿಗೆ ನಿಲ್ಲುತ್ತದೆ, ಅವಳು ತಲೆಯೆತ್ತಿ ಬಾಗಿಲ ಕಡೆ ನೋಡುತ್ತಾಳೆ. ಅದು ಹೋಯಿತೆಂದು ನನಗೆ ಗೊತ್ತಾಗುವುದು ಆಗ.